ಕೃಪೆಯ ಅನಂತರದ ಪ್ರಯತ್ನ: ಹೃದಯ ಶಸ್ತ್ರಚಿಕಿತ್ಸೆಯ ಬಳಿಕದ ಪುನಶ್ಚೇತನ ಮತ್ತು ದೈವ–ಪುರುಷಕಾರ ವಿಚಾರ

ದೈವ ದೊಡ್ಡದೋ ಪುರುಷಕಾರ ದೊಡ್ಡದೋ ಎಂಬ ಪ್ರಶ್ನೆಯನ್ನು ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರನು ಶರಶಯ್ಯೆಯ ಮೇಲಿದ್ದ ಭೀಷ್ಮನಿಗೆ ಕೇಳುತ್ತಾನೆ. ದೈವವೆಂದರೆ ಮನುಷ್ಯನ ಕೈಮೀರಿದ್ದು, ಅದು ಪೂರ್ವಕರ್ಮದ ಫಲವಿರಬಹುದು ಅಥವಾ ಈಶ್ವರನ ಸಂಕಲ್ಪವಿರಬಹುದು. ಪುರುಷಕಾರವೆಂದರೆ ಮನುಷ್ಯನು ತಾನಾಗಿ ಮಾಡುವ ಯತ್ನ. ವಸಿಷ್ಠನಿಗೆ ಬ್ರಹ್ಮನು ಹೇಳಿದ ಉತ್ತರವನ್ನೇ ಭೀಷ್ಮನು ನೆನಪಿಸುತ್ತಾನೆ: ಯತ್ನವು ಹೊಲ, ದೈವವು ಬೀಜ, ಎರಡೂ ಕೂಡಿದಾಗಲಷ್ಟೇ ಬೆಳೆ. ಶಾಸ್ತ್ರಗ್ರಂಥಗಳಲ್ಲಿ ಶತಮಾನಗಳಿಂದ ಚರ್ಚಿತವಾಗಿರುವ ಈ ಪ್ರಶ್ನೆ ಇಂದು ಅತ್ಯಂತ ಸ್ಥೂಲವಾದ, ಮೈಮುಟ್ಟಿ ನೋಡಬಹುದಾದ ರೂಪದಲ್ಲಿ ಎದುರಾಗುವ ಸ್ಥಳವೆಂದರೆ ಹೃದಯ ಶಸ್ತ್ರಚಿಕಿತ್ಸೆಯಾದ ರೋಗಿಗಳ ವಾರ್ಡು.

ಬೈಪಾಸ್ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ರೋಗಿಯ ಪಾತ್ರ ಸೊನ್ನೆಗೆ ಸಮೀಪವಾದುದು. ಅವನಿಗೆ ಎಚ್ಚರವಿರುವುದಿಲ್ಲ; ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳಿ ತೆರೆಯಲಾಗುತ್ತದೆ; ಬಹುಪಾಲು ಪ್ರಕರಣಗಳಲ್ಲಿ ಹೃದಯದ ಬಡಿತವನ್ನು ಔಷಧದಿಂದ ನಿಲ್ಲಿಸಿ, ಅದರ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಹೃದಯ–ಶ್ವಾಸಕೋಶ ಯಂತ್ರಕ್ಕೆ ಒಪ್ಪಿಸಲಾಗುತ್ತದೆ. 1953ರಲ್ಲಿ ಜಾನ್ ಗಿಬ್ಬನ್ ಈ ಯಂತ್ರವನ್ನು ಮನುಷ್ಯನ ಮೇಲೆ ಯಶಸ್ವಿಯಾಗಿ ಬಳಸಿದ ಮೇಲೆ, 1967ರಲ್ಲಿ ರೆನೆ ಫವಲೋರೊ ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವ ವಿಧಾನವನ್ನು ನೆಲೆಗೊಳಿಸಿದ ಮೇಲೆ, ಈ ಪವಾಡಸದೃಶ ಕಾರ್ಯ ನಿತ್ಯದ ವೈದ್ಯಕೀಯವಾಗಿಬಿಟ್ಟಿದೆ. ರೋಗಿಯ ದೃಷ್ಟಿಯಿಂದ ನೋಡಿದರೆ ಇಲ್ಲಿ ನಡೆದದ್ದು ಸಂಪೂರ್ಣ ಶರಣಾಗತಿ. ಆದರೆ ಮರುದಿನವೇ ದೃಶ್ಯ ಬದಲಾಗುತ್ತದೆ: ಫಿಸಿಯೋಥೆರಪಿಸ್ಟ್, ಅಂದರೆ ವ್ಯಾಯಾಮ ಮತ್ತು ಚಲನೆಯ ಮೂಲಕ ದೇಹದ ಶಕ್ತಿಯನ್ನು ಮರಳಿ ತರುವ ಚಿಕಿತ್ಸಕರು, ಮಂಚದ ಪಕ್ಕದಲ್ಲಿ ನಿಂತು, ಉಸಿರು ಎಳೆಯಿರಿ, ಕೆಮ್ಮಿರಿ, ಎದ್ದು ಕುಳಿತುಕೊಳ್ಳಿ ಎನ್ನುತ್ತಾರೆ. ನಿನ್ನೆ ಏನನ್ನೂ ಮಾಡಬೇಕಾಗಿರದವನು ಇಂದು ಎಲ್ಲವನ್ನೂ ತಾನೇ ಮಾಡಬೇಕು.

ಶ್ರೀವೈಷ್ಣವ ಸಂಪ್ರದಾಯದ ಓದುಗರಿಗೆ ಈ ಎರಡು ದಿನಗಳ ಅಂತರ ಪರಿಚಿತವೆನಿಸಬೇಕು. ಪಿಳ್ಳೈ ಲೋಕಾಚಾರ್ಯರ ಪರಂಪರೆಗೆ ಸೇರಿದ ತೆಂಗಲೈಯವರು ಜೀವನ ಉದ್ಧಾರವನ್ನು ಮಾರ್ಜಾಲಕಿಶೋರ ನ್ಯಾಯದಿಂದ ವಿವರಿಸಿದರು: ಬೆಕ್ಕಿನ ಮರಿ ಏನನ್ನೂ ಮಾಡುವುದಿಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವೇದಾಂತ ದೇಶಿಕರನ್ನು ಅನುಸರಿಸಿದ ವಡಗಲೈಯವರು ಮರ್ಕಟಕಿಶೋರ ನ್ಯಾಯವನ್ನು ಮುಂದಿಟ್ಟರು: ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಶ್ರೀರಂಗದ ಮೇಲೆ ದಾಳಿಯಾದಾಗ ದೇಶಿಕರು ಕಾವೇರಿ ತೀರದ ಸತ್ಯಾಗಾಲದಲ್ಲಿ ಆಶ್ರಯ ಪಡೆದಿದ್ದರೆಂದು ಸಂಪ್ರದಾಯ ಹೇಳುವುದರಿಂದ, ಈ ವಾದದ ಒಂದು ಕೊನೆ ಕನ್ನಡ ನೆಲಕ್ಕೂ ತಾಗಿದೆ. ಶಸ್ತ್ರಚಿಕಿತ್ಸೆಯ ಮೇಜು ಬೆಕ್ಕಿನ ಮರಿಯದು, ವಾರ್ಡಿನ ಕಾರಿಡಾರು ಕೋತಿಯ ಮರಿಯದು ಎಂದು ಹಂಚಿಬಿಡುವುದು ಸುಲಭ. ಹಾಗೆ ಹಂಚಿದರೆ ಸಾಕೇ ಎಂಬುದು ಈ ಬರಹದ ಪ್ರಶ್ನೆ.

ಕಾರಿಡಾರಿನಲ್ಲಿ ನಿಜವಾಗಿ ನಡೆಯುವುದೇನೆಂಬುದನ್ನು ಮೊದಲು ತಿಳಿಯಬೇಕು. ಅರಿವಳಿಕೆ, ನೋವು ಮತ್ತು ಮಲಗಿದ ಭಂಗಿ ಇವು ಮೂರೂ ಸೇರಿ ಶ್ವಾಸಕೋಶದ ತಳಭಾಗದ ಗಾಳಿಗೂಡುಗಳು ಮುಚ್ಚಿಕೊಳ್ಳುವಂತೆ ಮಾಡುತ್ತವೆ, ಅಲ್ಲಿ ಕಫ ನಿಂತರೆ ಸೋಂಕು ತಗಲುತ್ತದೆ. ಆದ್ದರಿಂದ ವೆಂಟಿಲೇಟರ್ ತೆಗೆದ ಕೆಲವೇ ಗಂಟೆಗಳಲ್ಲಿ ಆಳವಾದ ಉಸಿರಾಟವನ್ನು ಆರಂಭಿಸಲಾಗುತ್ತದೆ, ಮತ್ತು ಇದಕ್ಕೆ ನೆರವಾಗಿ ಸ್ಪೈರೋಮೀಟರ್ ಎಂಬ, ಉಸಿರು ಎಳೆದಾಗ ಮೂರು ಚೆಂಡುಗಳು ಒಂದೊಂದಾಗಿ ಮೇಲೇರುವ ಪ್ಲಾಸ್ಟಿಕ್ ಸಾಧನವನ್ನು ಕೈಗೆ ಕೊಡಲಾಗುತ್ತದೆ. ಕೆಮ್ಮಿದರೆ ಎದೆ ಬಿರಿದೀತೆಂದು ರೋಗಿ ಹೆದರುವುದರಿಂದ, ದಿಂಬನ್ನು ಎದೆಗೆ ಅವುಚಿ ಹಿಡಿದು ಕೆಮ್ಮುವುದನ್ನು ಕಲಿಸಲಾಗುತ್ತದೆ. ಪಾದಗಳನ್ನು ಮೇಲೆ ಕೆಳಗೆ ಆಡಿಸುವ ಸರಳ ವ್ಯಾಯಾಮವು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆಯೂ, ನಾಳ ತೆಗೆದ ಕಾಲು ಬಾತುಕೊಳ್ಳದಂತೆಯೂ ಸಹಾಯಮಾಡುತ್ತದೆ. ಸಾಮಾನ್ಯವಾಗಿ ಮೊದಲ ದಿನ ಮಂಚದ ಅಂಚಿನಲ್ಲಿ ಅಥವಾ ಕುರ್ಚಿಯಲ್ಲಿ ಕುಳಿತುಕೊಳ್ಳುವುದು, ಎರಡನೆಯ ದಿನದಿಂದ ನಾಲ್ಕು ಹೆಜ್ಜೆ, ಆಮೇಲೆ ಕಾರಿಡಾರಿನ ಉದ್ದಕ್ಕೆ ನಡಿಗೆ, ಮನೆಗೆ ಕಳಿಸುವ ಮುನ್ನ ಒಂದು ಅಂತಸ್ತಿನ ಮೆಟ್ಟಿಲು. ಉಕ್ಕಿನ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕಾಗುವುದರಿಂದ, ಆ ಅವಧಿಯಲ್ಲಿ ಭಾರ ಎತ್ತುವುದು, ಒಂದೇ ಕೈಯಿಂದ ಜಗ್ಗುವುದು, ಕೈಯೂರಿ ಮೇಲೇಳುವುದು ಇವುಗಳಿಗೆ ಮಿತಿ ಹಾಕಲಾಗುತ್ತದೆ. ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ತೊಡೆಯ ಬಲದಿಂದ ಏಳಬೇಕು. ಎಪ್ಪತ್ತು ವರ್ಷ ದಿನವೂ ಹಾಸಿಗೆಯಿಂದ ಎದ್ದವರು ಏಳುವುದನ್ನು ಹೊಸದಾಗಿ ಕಲಿಯುವ ಸಂದರ್ಭವಿದು.

ಇಷ್ಟು ಬೇಗ ಎಬ್ಬಿಸುವ ಈ ಪದ್ಧತಿ ಹಳೆಯದಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅಂಥ ರೋಗಿಗಳನ್ನು ಆರಾಮಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ದಿಟ್ಟತನವೆನಿಸಿತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು ಸುಮಾರು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಅಳೆದಾಗ, ದುಡಿಮೆಯ ವೇಳೆ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ವಿಶ್ರಾಂತಿಯೇ ರೋಗಕಾರಕವಾಗಬಲ್ಲದೆಂಬುದು ಹೀಗೆ ಸ್ಪಷ್ಟವಾಯಿತು. ಇದಕ್ಕಿಂತ ಬಹಳ ಹಿಂದೆ, ಹದಿನೆಂಟನೆಯ ಶತಮಾನದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್, ಎದೆನೋವಿನ ಒಬ್ಬ ರೋಗಿ ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವುದನ್ನು ನೇಮ ಮಾಡಿಕೊಂಡು ಬಹುಮಟ್ಟಿಗೆ ಗುಣವಾದುದನ್ನು ದಾಖಲಿಸಿದ್ದರೂ, ವೈದ್ಯಕೀಯ ಆ ಸುಳಿವನ್ನು ಬಹುಕಾಲ ಬೆನ್ನಟ್ಟಲಿಲ್ಲ. ದೇಹವನ್ನೇ ದೇಗುಲವೆಂದು ಕಂಡು, ಸ್ಥಾವರಕ್ಕೆ ಅಳಿವುಂಟೆಂದೂ ಜಂಗಮಕ್ಕೆ ಇಲ್ಲವೆಂದೂ ಸಾರಿದ ಬಸವಣ್ಣನವರ ನಾಡಿನ ಓದುಗನಿಗೆ ಇಲ್ಲಿ ಒಂದು ಸಾಮ್ಯ ತೋರಬಹುದು. ಆದರೆ ಶರಣರು ಹೇಳಿದ್ದು ಸ್ನಾಯುಗಳ ವಿಷಯವನ್ನಲ್ಲ ಎಂಬ ಎಚ್ಚರವನ್ನು ಇಟ್ಟುಕೊಂಡೇ ಆ ಸಾಮ್ಯವನ್ನು ಸವಿಯಬೇಕು.

ಈ ವಿಚಾರವನ್ನು ಒಂದು ಊರಿನಲ್ಲಿ ನಿಲ್ಲಿಸಿ ನೋಡಿದರೆ ಅದರ ಧಾರ್ಮಿಕ ಮುಖ ಸ್ಪಷ್ಟವಾಗುತ್ತದೆ. ನಾಸಿಕ್ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಕೇಂದ್ರವಾದ ಸಟಾಣಾ, ಈರುಳ್ಳಿ ಮತ್ತು ದಾಳಿಂಬೆ ಬೆಳೆಯುವ ಸೀಮೆಯ ಪೇಟೆ. ದೊಡ್ಡ ಆಸ್ಪತ್ರೆಗಳಿರುವ ನಾಸಿಕ್ ಇಲ್ಲಿಂದ ಸುಮಾರು 90 ಕಿಲೋಮೀಟರು ದೂರ. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಂಥ ಸರ್ಕಾರಿ ಯೋಜನೆಗಳು ಹೃದಯ ಶಸ್ತ್ರಚಿಕಿತ್ಸೆಯನ್ನು ಬಡ ಕುಟುಂಬದ ಅಳವಿಗೆ ತಂದಿವೆ. ಆದರೆ ಪುನಶ್ಚೇತನದ ಎರಡನೆಯ ಘಟ್ಟ, ಅಂದರೆ ಆಸ್ಪತ್ರೆ ಬಿಟ್ಟ ಮೇಲೆ ಸುಮಾರು ಹನ್ನೆರಡು ವಾರ ನಡೆಯಬೇಕಾದ ಮೇಲ್ವಿಚಾರಣೆಯ ವ್ಯಾಯಾಮ, ವಾರಕ್ಕೆ ಮೂರು ಬಾರಿ ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರಲಾಗದ ರೈತನ ಪಾಲಿಗೆ ಅವನ ಅಂಗಳದಲ್ಲೇ, ಅವನ ಶ್ರದ್ಧೆಯ ಮೇಲೆಯೇ ನಡೆಯಬೇಕು. ಹಾಗಾಗಿ ಅವನು ಏನನ್ನು ನಂಬುತ್ತಾನೆಂಬುದು ಚಿಕಿತ್ಸೆಯ ಹೊರಗಿನ ವಿಷಯವಾಗಿ ಉಳಿಯುವುದಿಲ್ಲ. ದೇವರು ಮರುಜನ್ಮ ಕೊಟ್ಟಿದ್ದಾನೆ, ಇನ್ನು ಸುಮ್ಮನೆ ಕುಳಿತು ಅವನ ನಾಮಸ್ಮರಣೆ ಮಾಡಬೇಕು ಎಂಬ ಭಾವನೆ ಎಷ್ಟು ಪ್ರಾಮಾಣಿಕವೋ, ಹೃದಯಕ್ಕೆ ಅಷ್ಟೇ ಅಪಾಯಕಾರಿ.

ಸಟಾಣಾದ ಸ್ವಂತ ಸಂತನ ಕಥೆ ಈ ಭಾವನೆಗೆ ವಿರುದ್ಧವಾಗಿ ನಿಲ್ಲುತ್ತದೆ. ದೇವ ಮಾಮಲೇದಾರ್ ಎಂದೇ ಪೂಜಿತರಾಗಿರುವ ಯಶವಂತರಾವ್ ಭೋಸೇಕರ್ (1815–1887) ಬ್ರಿಟಿಷ್ ಸರ್ಕಾರದ ಕಂದಾಯ ಅಧಿಕಾರಿ. 1870–71ರ ಬರಗಾಲದಲ್ಲಿ ಖಜಾನೆಯ 1,27,000 ರೂಪಾಯಿಗಳನ್ನು ಹಸಿದ ಜನರಿಗೆ ಹಂಚಿದರೆಂದೂ, ಮೇಲಧಿಕಾರಿಗಳು ಎಣಿಸಿದಾಗ ಖಜಾನೆ ತುಂಬಿಯೇ ಇತ್ತೆಂದೂ ಭಕ್ತರು ನಂಬುತ್ತಾರೆ. ಪವಾಡವನ್ನು ನಂಬುವುದು ಬಿಡುವುದು ಓದುಗನಿಗೆ ಸೇರಿದ್ದು. ಗಮನಿಸಬೇಕಾದುದು ಕಥೆಯ ಕ್ರಮ: ಅಲ್ಲಿ ಮೊದಲು ಮನುಷ್ಯನ ಕೈ ತೆರೆಯಿತು, ಆಮೇಲೆ ದೈವ ತುಂಬಿತು. ಶಸ್ತ್ರಚಿಕಿತ್ಸೆಯಲ್ಲಿ ಕ್ರಮ ತಿರುಗುಮುರುಗು. ಮೊದಲು ಕೃಪೆ, ಆಮೇಲೆ ಯತ್ನ. ಎರಡರಲ್ಲೂ ಒಂದು ಇನ್ನೊಂದನ್ನು ಅನಗತ್ಯಗೊಳಿಸುವುದಿಲ್ಲ.

ಇಲ್ಲಿ ತೆಂಗಲೈ ಪಕ್ಷವನ್ನು ಅನೇಕರು ತಪ್ಪಾಗಿ ಓದುತ್ತಾರೆಂಬುದನ್ನು ಹೇಳಲೇಬೇಕು. ಲೋಕಾಚಾರ್ಯರ ಪರಂಪರೆ ಸೋಮಾರಿತನವನ್ನು ಬೋಧಿಸಲಿಲ್ಲ. ಅದು ನಿರಾಕರಿಸಿದ್ದು ಯತ್ನವು ಉಪಾಯ, ಅಂದರೆ ಮೋಕ್ಷವನ್ನು ಸಂಪಾದಿಸುವ ಸಾಧನ, ಎಂಬುದನ್ನು ಮಾತ್ರ. ಉದ್ಧಾರವಾದ ಜೀವ ಮಾಡುವ ಕೈಂಕರ್ಯ, ಅಂದರೆ ಭಗವಂತನ ಸೇವೆ, ಅವರ ದೃಷ್ಟಿಯಲ್ಲಿ ಜೀವನ ಪರಮ ಪುರುಷಾರ್ಥವೇ ಆಗಿತ್ತು. ತಾಯಿ ಕಚ್ಚಿಕೊಂಡು ಹೋಗಿ ಸುರಕ್ಷಿತವಾದ ಮೂಲೆಯಲ್ಲಿ ಇಳಿಸಿದ ಮರಿಯೂ ಹಾಲಿಗೆ ತಾನೇ ಬಾಯಿ ಹಚ್ಚಬೇಕು; ಹಾಗೆ ಹಚ್ಚಿದ ಮಾತ್ರಕ್ಕೆ ಅದು ತಾಯಿಯ ಮೇಲೆ ಅಪನಂಬಿಕೆ ತೋರಿಸಿದಂತಾಗುವುದಿಲ್ಲ. ಪುನಶ್ಚೇತನದ ವ್ಯಾಯಾಮವನ್ನು ಈ ಬೆಳಕಿನಲ್ಲಿ ಕಂಡರೆ ಅದು ದೊರೆತ ಜೀವಕ್ಕೆ ಕಟ್ಟುವ ಬೆಲೆಯಲ್ಲ, ದೊರೆತ ಜೀವವನ್ನು ಸ್ವೀಕರಿಸುವ ರೀತಿ. ಹೊಸ ನಾಳ ಹರಿಸುವ ರಕ್ತವನ್ನು ದುರ್ಬಲಗೊಂಡ ತೊಡೆಗಳು ಬಳಸಿಕೊಳ್ಳದಿದ್ದರೆ ಕೊಟ್ಟದ್ದು ಕೊಟ್ಟಲ್ಲೇ ಉಳಿಯುತ್ತದೆ.

ವಿಶ್ರಾಂತಿಯ ಬಯಕೆಯ ಹಿಂದೆ ನಂಬಿಕೆಯಷ್ಟೇ ಅಲ್ಲದೆ ಭಯವೂ ಇರುತ್ತದೆ, ಅದಕ್ಕೂ ಒಂದು ಶಾಸ್ತ್ರೀಯ ಬೇರಿದೆ. ಛಾಂದೋಗ್ಯ ಉಪನಿಷತ್ತಿನ ದಹರವಿದ್ಯೆ ಹೃದಯದೊಳಗಿನ ಸೂಕ್ಷ್ಮವಾದ ಆಕಾಶವನ್ನು ಬ್ರಹ್ಮನ ನೆಲೆಯೆಂದು ಹೇಳುತ್ತದೆ. ಚರಕಸಂಹಿತೆ ಹೃದಯವನ್ನು ಚೇತನದ ಸ್ಥಾನವೆನ್ನುತ್ತದೆ. ದೇವರು ಕುಳಿತ ಪೀಠಕ್ಕೇ ಕತ್ತಿ ತಾಗಿತೆಂಬ ಅಳುಕು, ಎದೆ ಇನ್ನು ಗಾಜಿನದಾಗಿದೆಯೆಂಬ ಭಾವನೆ, ಕಾರಣವಿಲ್ಲದೆ ಉಕ್ಕುವ ಅಳು ಇವು ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಅಪರೂಪವಲ್ಲ. ಬ್ರಹ್ಮಸೂತ್ರದ ದಹರಾಧಿಕರಣವನ್ನು ವ್ಯಾಖ್ಯಾನಿಸುತ್ತ ಶಂಕರರು ಆ ಆಕಾಶವು ಭೂತಾಕಾಶವಲ್ಲ, ಜೀವನೂ ಅಲ್ಲ, ಪರಬ್ರಹ್ಮವೇ ಎಂದು ನಿರ್ಣಯಿಸಿದರು. ಅಂದಮೇಲೆ ಶಸ್ತ್ರವೈದ್ಯನ ಕತ್ತಿ ತಾಗಿದ್ದು ನಾಲ್ಕು ಕೋಣೆಗಳ ಸ್ನಾಯುವಿಗೆ. ಉಪನಿಷತ್ತು ಹೇಳಿದ ಹೃದಯಕ್ಕೆ ಕತ್ತಿ ತಾಗಲಾರದು. ಈ ವಿವೇಚನೆ ಕೆಲವು ರೋಗಿಗಳಿಗೆ ಸಮಾಧಾನದ ಔಷಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಯತ್ನದ ಪಕ್ಷಕ್ಕೂ ತನ್ನದೇ ಅತಿರೇಕವಿದೆ. ಸಟಾಣಾಕ್ಕೆ ನೆರೆಯ ಕಳವಣ ತಾಲ್ಲೂಕಿನಲ್ಲಿ, ವಣಿಯ ಸಮೀಪ, ಹದಿನೆಂಟು ತೋಳುಗಳ ಸಪ್ತಶೃಂಗಿ ದೇವಿಯ ಬೆಟ್ಟವಿದೆ. ಗುಡಿಗೆ ಸುಮಾರು 500 ಮೆಟ್ಟಿಲು. ಬಾಗಲಾಣದಲ್ಲೇ ಇರುವ ಮಾಂಗಿ–ತುಂಗಿ, 2016ರಲ್ಲಿ ಪ್ರತಿಷ್ಠಾಪಿತವಾದ 108 ಅಡಿಯ ಋಷಭದೇವನ ಏಕಶಿಲಾ ಮೂರ್ತಿಯಿರುವ ಜೈನಕ್ಷೇತ್ರ, ಇನ್ನೂ ಕಠಿಣವಾದ ಏರು. ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಲ್ಲಕ್ಕಿಯೂ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಿಂದ ಏಕನಾಥರ ಪಲ್ಲಕ್ಕಿಯೂ ಆಷಾಢದ ಏಕಾದಶಿಗೆ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತವೆ, ಮತ್ತು ಆ ಯಾತ್ರಿಕರು ಕಾಣಹೋಗುವ ವಿಠ್ಠಲನನ್ನು ಜ್ಞಾನದೇವರೇ ಕನ್ನಡಿಗನೆಂದು ಹಾಡಿದ್ದಾರೆ. ಜೀವ ಉಳಿದರೆ ನಡೆದು ಬರುತ್ತೇನೆ, ಮೆಟ್ಟಿಲು ಹತ್ತಿ ಬರುತ್ತೇನೆ ಎಂದು ಶಸ್ತ್ರಚಿಕಿತ್ಸೆಗೆ ಮುನ್ನ ಹೊತ್ತ ಹರಕೆಯನ್ನು, ಎದೆಮೂಳೆ ಇನ್ನೂ ಕೂಡಿರದ ಆರನೆಯ ವಾರದಲ್ಲೇ ತೀರಿಸಲು ಹೊರಡುವ ಭಕ್ತ, ಮಂಚ ಬಿಡದ ಭಕ್ತನಿಗಿಂತ ಹೆಚ್ಚು ನಂಬಿಕಸ್ಥನೇನಲ್ಲ. ಸಪ್ತಶೃಂಗಿಗೆ 2018ರಿಂದ ಹಳಿಯ ಮೇಲೆ ಏರುವ ಟ್ರಾಲಿ ಇದೆ. ಅದರಲ್ಲಿ ಹೋದರೆ ಹರಕೆ ಸಲ್ಲುವುದೇ ಎಂಬ ಅನುಮಾನಕ್ಕೆ ಧರ್ಮಶಾಸ್ತ್ರದಲ್ಲಿ ಉತ್ತರವಿದೆ. ಮುಖ್ಯಕಲ್ಪವೆಂದರೆ ವಿಧಿಸಿದಂತೆಯೇ ಮಾಡುವುದು. ಅದು ಅಶಕ್ಯವಾದಾಗ ಒಪ್ಪಿತವಾದ ಬದಲಿ ಕ್ರಮ ಅನುಕಲ್ಪ.

ಹಾಗಾದರೆ ಎಷ್ಟು ಯತ್ನ ಸಾಕು? ಆಯುರ್ವೇದದ ಸುಶ್ರುತ ಮತ್ತು ವಾಗ್ಭಟರು ವ್ಯಾಯಾಮಕ್ಕೆ ಅರ್ಧಶಕ್ತಿಯೆಂಬ ಮಿತಿಯನ್ನು ಹಾಕಿದ್ದರು. ಉಸಿರು ಬಾಯಿಗೆ ಬರತೊಡಗುವುದನ್ನು ಆ ಮಿತಿಯ ಗುರುತಾಗಿ ಹೇಳಲಾಗಿದೆ. ಇಂದಿನ ಚಿಕಿತ್ಸಕರು ನಡೆಯುತ್ತಲೇ ಮಾತನಾಡಲು ಸಾಧ್ಯವಾಗಬೇಕೆನ್ನುತ್ತಾರೆ, ಮತ್ತು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಅಂಕಗಳ ಶ್ರಮಮಾಪಕವನ್ನು ಬಳಸುತ್ತಾರೆ. ಹಗುರ ಎನಿಸುವ 11ರಿಂದ ತುಸು ಕಷ್ಟವೆನಿಸುವ 13ರ ನಡುವೆ ರೋಗಿ ಇರಬೇಕು. ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಹೃದಯದ ವೇಗವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ನಾಡಿಯ ಎಣಿಕೆ ಶ್ರಮದ ನಿಜವನ್ನು ಪೂರ್ತಿ ಹೇಳದು. ಆದ್ದರಿಂದ ಯಂತ್ರಗಳ ನಡುವೆಯೂ ಚಿಕಿತ್ಸಕರು ಕೊನೆಗೆ ರೋಗಿಯ ಸ್ವಾನುಭವವನ್ನೇ ಪ್ರಮಾಣವಾಗಿ ಕೇಳಬೇಕಾಗುತ್ತದೆ. ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಸಾಕ್ಷಿಯ, ಅಂದರೆ ಒಳಗಿನ ಅರಿವಿನ, ಅನುಭವಕ್ಕೆ ಹಿರಿಯ ಸ್ಥಾನ ಕೊಟ್ಟ ಮಾಧ್ವರಿಗೆ ಇದು ಅಚ್ಚರಿಯಾಗದು.

ಪೂಜೆಯ ಭಂಗಿಗಳ ವಿಷಯದಲ್ಲಿ ಇದೇ ಅಳತೆ ಅನ್ವಯಿಸುತ್ತದೆ. ಸಾಷ್ಟಾಂಗ ನಮಸ್ಕಾರ ಎದೆಮೂಳೆಯ ಮೇಲೆ ಭಾರ ಹಾಕುತ್ತದೆ, ಉರುಳು ಸೇವೆಯ ಮಾತೇ ಬೇಡ. ಉಸಿರು ಬಿಗಿಹಿಡಿಯುವ ಕುಂಭಕ ರಕ್ತದೊತ್ತಡವನ್ನು ಏರುಪೇರು ಮಾಡುವುದರಿಂದ ಆರಂಭದ ತಿಂಗಳುಗಳಲ್ಲಿ ಸಲ್ಲದು. ನಿಧಾನವಾದ ಪ್ರದಕ್ಷಿಣೆಯಾದರೋ ಒಳ್ಳೆಯ ವ್ಯಾಯಾಮ. ಹತ್ತಿರದ ಮಾಲೇಗಾಂವ್‌ನ ಮುಸ್ಲಿಂ ರೋಗಿಗೆ ಈ ಗೊಂದಲ ಕಡಿಮೆ, ಏಕೆಂದರೆ ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಜು ಮಾಡಬಹುದೆಂಬ ವಿನಾಯಿತಿ ಇಸ್ಲಾಮಿನಲ್ಲಿ ಸ್ಪಷ್ಟವಾಗಿದೆ. ಹಿಂದೂಗಳಲ್ಲಿ ಇಂಥ ವಿನಾಯಿತಿ ಗ್ರಂಥದಲ್ಲಿದ್ದರೂ ಮನಸ್ಸಿನಲ್ಲಿ ಅಷ್ಟಾಗಿ ಇಳಿದಿಲ್ಲ.

ಯೋಗವೇ ಎಲ್ಲಕ್ಕೂ ಉತ್ತರವೆಂಬ ಉತ್ಸಾಹಕ್ಕೆ ಒಂದಿಷ್ಟು ಕಡಿವಾಣ ಬೇಕು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಬೈಪಾಸ್ ಆದ 250 ರೋಗಿಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನ ಸಾಮಾನ್ಯ ಪುನಶ್ಚೇತನದ ಜೊತೆಗೆ ಯೋಗಾಭ್ಯಾಸ ಮಾಡಿದವರಲ್ಲಿ ಕೆಲವು ಅಪಾಯಸೂಚಕಗಳು ಹೆಚ್ಚು ಸುಧಾರಿಸಿದ್ದನ್ನು ಕಂಡಿತು. ಹೃದಯಾಘಾತವಾದ 3,959 ಮಂದಿಯನ್ನು ಭಾರತದ 24 ಕೇಂದ್ರಗಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಯೋಗ–ಕೇರ್ ಅಧ್ಯಯನದಲ್ಲಿ, ಯೋಗಾಧಾರಿತ ಕ್ರಮ ಅನುಸರಿಸಿದವರು ತಮ್ಮ ಆರೋಗ್ಯ ಉತ್ತಮವಾಗಿದೆಯೆಂದರು, ಹಳೆಯ ಚಟುವಟಿಕೆಗಳಿಗೆ ಹೆಚ್ಚಾಗಿ ಮರಳಿದರು. ಸಾವು ಮತ್ತು ಮರು ಆಘಾತದಂಥ ಘಟನೆಗಳಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಒಪ್ಪುವಷ್ಟು ವ್ಯತ್ಯಾಸ ಸಿಗಲಿಲ್ಲ. ಅಭ್ಯಾಸದಿಂದ ಬದುಕು ತುಂಬಿಕೊಂಡೀತು. ಆಯುಷ್ಯ ಎಷ್ಟು ಹೆಚ್ಚೀತೆಂಬ ಭರವಸೆಯನ್ನು ಅದು ಕೊಡಲಿಲ್ಲ.

ಯತ್ನ ಯಾರದು ಎಂಬ ಪ್ರಶ್ನೆಯೂ ಉಳಿಯುತ್ತದೆ. ಉಡುಪಿಯ ಮಧ್ವಾಚಾರ್ಯರು ಜೀವನಿಗೆ ಕರ್ತೃತ್ವ ನಿಜವಾಗಿಯೂ ಇದೆ, ಆದರೆ ಅದು ಈಶ್ವರಾಧೀನ ಎಂದರು. ಲೌಕಿಕದಲ್ಲಿ ಈ ಅಧೀನತೆ ಮನೆಮಂದಿಯ ಮೇಲೆ ಬೀಳುತ್ತದೆ: ಯಾರೋ ಜೊತೆಗೆ ನಡೆಯಬೇಕು, ಯಾರೋ ಉಪ್ಪು ಕಡಿಮೆ ಹಾಕಿದ ಅಡುಗೆ ಮಾಡಬೇಕು, ಈರುಳ್ಳಿ ಚೀಲವನ್ನು ಯಾರೋ ಎತ್ತಬೇಕು. ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ಬಾಗಿಲಿಗೆ ಬಂದ ದೇವರನ್ನೇ ಇಟ್ಟಿಗೆಯ ಮೇಲೆ ಕಾಯಿಸಿದನೆಂಬ, ವಿಠ್ಠಲಭಕ್ತರಾದ ವಾರಕರಿಗಳ ಕಥೆ, ಆರೈಕೆಯನ್ನು ದರ್ಶನಕ್ಕಿಂತ ಮೇಲಿಟ್ಟಿದೆ. ಆದರೆ ರೋಗಿ ಹೆಣ್ಣಾದಾಗ ಪುಂಡಲೀಕರು ಸುಲಭವಾಗಿ ಸಿಗುವುದಿಲ್ಲ. ಗಂಡಸನ್ನು ತಿಂಗಳುಗಟ್ಟಲೆ ಏಳಗೊಡದ ಮನೆಯೇ ಹೆಂಗಸನ್ನು ಮೂರನೆಯ ವಾರಕ್ಕೆ ನೀರಿನ ಕೊಡದ ಮುಂದೆ ನಿಲ್ಲಿಸಿ, ಅದೇ ಅವಳ ವ್ಯಾಯಾಮವೆಂದು ಹೇಳುವುದುಂಟು. ಒಂದೇ ಕೈಯಿಂದ ಭಾರ ಎತ್ತುವ ಆ ಕೆಲಸ ವ್ಯಾಯಾಮವಲ್ಲ, ನಿಷೇಧಿಸಿದ ಪಟ್ಟಿಯಲ್ಲಿರುವುದೇ ಅದು.

ಇನ್ನು ಎಲ್ಲವನ್ನೂ ಸರಿಯಾಗಿ ಮಾಡಿಯೂ ಚೇತರಿಸಿಕೊಳ್ಳದವರು ಇರುತ್ತಾರೆ. ಹೃದಯದ ಸ್ನಾಯು ಶಸ್ತ್ರಚಿಕಿತ್ಸೆಗೆ ಮುನ್ನವೇ ಬಹುಪಾಲು ಸತ್ತಿದ್ದರೆ, ಸ್ಪೈರೋಮೀಟರಿನ ಚೆಂಡುಗಳೂ ಬೆಳಗಿನ ನಡಿಗೆಯೂ ಅದನ್ನು ಮರಳಿ ಹುಟ್ಟಿಸಲಾರವು. ಯೋಗವಾಸಿಷ್ಠದ ಮುಮುಕ್ಷು ಪ್ರಕರಣದಂತೆ ಪೌರುಷವೇ ಸರ್ವಸ್ವ, ದೈವವೆಂಬುದು ಮಂದಬುದ್ಧಿಗಳ ಕಲ್ಪನೆ ಎಂದು ಹಿಡಿದರೆ, ಇಂಥವರ ವೈಫಲ್ಯಕ್ಕೆ ಅವರನ್ನೇ ಹೊಣೆ ಮಾಡಬೇಕಾಗುತ್ತದೆ, ಮತ್ತು ಆಧುನಿಕ ಆರೋಗ್ಯಪ್ರಚಾರ ಆ ಕ್ರೌರ್ಯವನ್ನು ಗೊತ್ತಿಲ್ಲದೆಯೇ ಮಾಡುತ್ತಿದೆ. ದೈವವನ್ನು ಮತ್ತೆ ಕರೆಯಬೇಕಾದುದು ಇಲ್ಲಿ. ವ್ಯಾಯಾಮಕ್ಕೆ ಮೊದಲು ದೈವದ ಹೆಸರು ಹೇಳಿದರೆ ಅದು ನೆಪ. ಯತ್ನವೆಲ್ಲ ಮುಗಿದ ಮೇಲೆ ಹೇಳಿದರೆ ಅದು ರೋಗಿಯನ್ನು ಅಪರಾಧದಿಂದ ಬಿಡಿಸುವ ಮಾತು. ಅಂಥ ರೋಗಿಯ ಬಳಿಯೂ ಫಿಸಿಯೋಥೆರಪಿಸ್ಟ್ ಬರುವುದು ನಿಲ್ಲುವುದಿಲ್ಲ. ಗುರಿ ಮಾತ್ರ ಬೇರೆಯಾಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸುವುದು, ತುಟಿ ಕಿರಿದು ಮಾಡಿ ಉಸಿರು ಬಿಡುವುದನ್ನು ಕಲಿಸಿ ದಮ್ಮು ಕಡಿಮೆ ಮಾಡುವುದು, ಬಚ್ಚಲವರೆಗಿನ ಹತ್ತು ಹೆಜ್ಜೆಯನ್ನು ನಡುವೆ ಒಂದು ಕುರ್ಚಿಯಿಟ್ಟು ಎರಡು ಸಲಕ್ಕೆ ಹಂಚಿಕೊಡುವುದು ಅವರ ಆ ದಿನದ ಕೆಲಸವಾಗುತ್ತದೆ.